ಮೊದಲ ಅಳತೆಗೆ ಸಲ್ಲುವ ಪಾಲು

ಎರಡು ಕಾಲಂ ಅಂಕಿ ಸಿಕ್ಕರೆ ಸಾಕು, ಆಷಾಢದ ಸಂಜೆ ಹೇಗೆ ಕಳೆಯಿತೆಂದೇ ನನಗೆ ಗೊತ್ತಾಗುವುದಿಲ್ಲ. ಒಂದು ಕಾಲಂ ಚಿಕಿತ್ಸೆಗೆ ಮೊದಲಿನದು, ಇನ್ನೊಂದು ಆಮೇಲಿನದು. ರಕ್ತದೊತ್ತಡವೋ, ಸಕ್ಕರೆಯೋ, ಮಂಡಿನೋವಿನ ಅಂಕವೋ, ಯಾವುದಾದರೂ ಸರಿ. ವೈದ್ಯಕೀಯ ಸಂಶೋಧನೆ ಮಾಡುವವರಿಗೆ ಲೆಕ್ಕ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಅದರಲ್ಲಿ ಈ ಮೊದಲು-ಆಮೇಲಿನ ಲೆಕ್ಕದ ಮೇಲೆ ಮಾತ್ರ ನನಗೆ ತೀರದ ಪ್ರೀತಿ. ಮೂಡಿಗೆರೆಯ ಮಳೆಗೆ ಕರೆಂಟು ಹೋಗುವುದು ಮಾಮೂಲು. ಹೋದಾಗ ಕಂಪ್ಯೂಟರ್ ಮುಚ್ಚಿ ಗ್ರಾಫ್ ಹಾಳೆ, ಪೆನ್ಸಿಲ್ ಎತ್ತಿಕೊಳ್ಳುತ್ತೇನೆ. ಆಗಲೇ ಕೆಲಸದ ರುಚಿ ಹತ್ತುವುದು.

ಹಾಳೆಯ ಅಡ್ಡಕ್ಕೆ ಮೊದಲ ಅಳತೆ, ನೆಟ್ಟಗೆ ಆಮೇಲಿನ ಅಳತೆ. ಒಬ್ಬ ರೋಗಿಗೆ ಒಂದು ಗುರುತು. ಔಷಧಿ ಪಡೆದವರಿಗೆ ತುಂಬಿದ ಚುಕ್ಕಿ, ಪಡೆಯದವರಿಗೆ ಖಾಲಿ ಸೊನ್ನೆ. ಮೂಲೆಯಿಂದ ಮೂಲೆಗೆ ಒಂದು ಓರೆ ಗೆರೆ ಎಳೆಯುತ್ತೇನೆ. ಏನೂ ಬದಲಾಗದವರೆಲ್ಲ ಆ ಗೆರೆಯ ಮೇಲೇ ಕೂರಬೇಕು. ಆದರೆ ಔಷಧಿಯನ್ನೇ ಪಡೆಯದವರ ಸೊನ್ನೆಗಳೂ ಹಾಗೆ ಕೂರುವುದಿಲ್ಲ. ಬಹಳ ಎತ್ತರದಿಂದ ಹೊರಟವರು ಗೆರೆಯ ಕೆಳಗೆ ಇಳಿದಿರುತ್ತಾರೆ, ಬಹಳ ಕೆಳಗಿನಿಂದ ಹೊರಟವರು ಮೇಲೆ ಏರಿರುತ್ತಾರೆ. ಸೊನ್ನೆಗಳ ನಡುವೆ ಹಾಯುವ ಅವುಗಳದೇ ಗೆರೆಯೊಂದಿದೆ, ಅದು ಓರೆ ಗೆರೆಗಿಂತ ಚಪ್ಪಟೆ. ಇಷ್ಟು ಸಲ ನೋಡಿದ್ದರೂ ಆ ಚಪ್ಪಟೆ ಗೆರೆ ಹಾಳೆಯ ಮೇಲೆ ಮೂಡುವಾಗ ನನಗೆ ಸಂತೋಷವಾಗುತ್ತದೆ.

1886ರಲ್ಲಿ ಫ್ರಾನ್ಸಿಸ್ ಗಾಲ್ಟನ್ ತಂದೆತಾಯಿಯರ ಮತ್ತು ಮಕ್ಕಳ ಎತ್ತರವನ್ನು ಹೋಲಿಸಿ ಇದನ್ನೇ ತೋರಿಸಿದ. ಬಹಳ ಎತ್ತರದವರ ಮಕ್ಕಳು ಸರಾಸರಿಯಾಗಿ ಅವರಷ್ಟು ಎತ್ತರ ಬೆಳೆಯುವುದಿಲ್ಲ, ಬಹಳ ಕುಳ್ಳರ ಮಕ್ಕಳು ಅವರಷ್ಟು ಕುಳ್ಳಾಗಿ ಉಳಿಯುವುದಿಲ್ಲ. ನಮ್ಮ ಊರುಗಳ ಬಿಪಿ ಶಿಬಿರದಲ್ಲೂ ನಡೆಯುವುದು ಇದೇ. ದಿಬ್ಬ ಹತ್ತಿ ಬಂದು ಏದುಸಿರು ಬಿಡುತ್ತಿರುವಾಗಲೇ ಪಟ್ಟಿ ಕಟ್ಟಿಸಿಕೊಂಡವರು, ರಾತ್ರಿ ನಿದ್ದೆಗೆಟ್ಟವರು, ಬಿಳಿಕೋಟು ಕಂಡೊಡನೆ ಎದೆ ಹೊಡೆದುಕೊಳ್ಳುವವರು ಎಲ್ಲ ಅವತ್ತು 140 ದಾಟಿರುತ್ತಾರೆ. ದಾಟಿದವರನ್ನಷ್ಟೇ ಆರಿಸಿ ಹದಿನೈದು ದಿನ ಬಿಟ್ಟು ಮತ್ತೆ ಅಳೆದರೆ, ಒಂದು ಮಾತ್ರೆಯನ್ನೂ ಕೊಡದಿದ್ದರೂ ಗುಂಪಿನ ಸರಾಸರಿ ಇಳಿದಿರುತ್ತದೆ. ನಡುವೆ ಯಾರಾದರೂ ಕಷಾಯ ಕೊಟ್ಟಿದ್ದರೆ ಕೀರ್ತಿಯೆಲ್ಲ ಕಷಾಯಕ್ಕೆ.

ಕಾಫಿ ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಪಕ್ಕದ ತೋಟದ ಹಿರಿಯರೊಬ್ಬರು ಒಮ್ಮೆ ಬೇಲಿ ಹತ್ತಿರ ನಿಲ್ಲಿಸಿ, "ಹೋದ್ವರ್ಷ ಬರಿದಾಗಿದ್ದ ಬ್ಲಾಕಿಗೇ ಹೊಸ ಗೊಬ್ಬರ ಹಾಕ್ಸಿದ್ದು ಕಣೋ. ಈಗ ಬಂದು ನೋಡು, ರೆಂಬೆ ನೆಲ ಮುಟ್ತಾವೆ" ಅಂದರು. "ಗೊಬ್ಬರ ಹಾಕದೆ ಬಿಟ್ಟ ಕಡೆ, ಹೋದ್ವರ್ಷ ಬರಿದಾಗಿದ್ದ ಗಿಡ ಹೇಗಿವೆ ಅಣ್ಣ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವೂ ಕಚ್ಚಿವೆ ಮಾರಾಯ" ಅಂದರು. ಅರೇಬಿಕಾ ಗಿಡ ಹಣ್ಣು ಬಿಡುವುದು ಹಿಂದಿನ ವರ್ಷ ಬೆಳೆದ ರೆಕ್ಕೆಯ, ಅಂದರೆ ಅಡ್ಡರೆಂಬೆಯ, ಮೇಲೆ. ಒಂದು ವರ್ಷ ಫಸಲು ಮೈತುಂಬ ಕಚ್ಚಿತೆಂದರೆ ಗಿಡದ ಸತ್ವವೆಲ್ಲ ಹಣ್ಣಿಗೇ ಹೋಗಿ ಹೊಸ ರೆಕ್ಕೆ ಸೊರಗುತ್ತದೆ, ಮರುವರ್ಷದ ಕೊಯ್ಲು ಕುಗ್ಗುತ್ತದೆ. ಬರಿದಾದ ಗಿಡ ಆ ವರ್ಷ ರೆಕ್ಕೆ ಬೆಳೆಸಿಕೊಂಡು ಮುಂದಿನ ವರ್ಷಕ್ಕೆ ತಯಾರಾಗುತ್ತದೆ. ಒಂದು ವರ್ಷದ ಚೀಲದ ಲೆಕ್ಕವನ್ನು ಇನ್ನೊಂದು ವರ್ಷದ್ದರಿಂದ ಕಳೆದು ಗೊಬ್ಬರದ ಗುಣ ಹೇಳುವುದು ಇಲ್ಲಿ ಆಗದ ಮಾತು.

ಮೊದಲ ಅಳತೆಯನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿಯುವ ವಿದ್ಯೆ ವೈದ್ಯಕೀಯಕ್ಕೆ ಬಂದದ್ದೂ ಹೊಲ-ತೋಟಗಳಿಂದಲೇ. ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ. ಅದೇ ವರ್ಷ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ರೊನಾಲ್ಡ್ ಫಿಶರ್, ಸಂಶೋಧಕರಿಗಾಗಿ ಸಂಖ್ಯಾಶಾಸ್ತ್ರದ ಕೈಪಿಡಿಯೊಂದನ್ನು ಹೊರತಂದ. 1932ರ ಅದರ ನಾಲ್ಕನೇ ಆವೃತ್ತಿಗೆ ಸಹವಿಚಲನ ವಿಶ್ಲೇಷಣೆ ಸೇರಿತು. ಅಲ್ಲಿ ಅವನು ಎತ್ತಿಕೊಂಡ ಉದಾಹರಣೆ ಸಿಲೋನಿನ ಚಹಾ ತೋಟದ 16 ತಾಕುಗಳು. ಪ್ರಯೋಗಕ್ಕೆ ಮೊದಲು ಪ್ರತಿ ತಾಕಿನ ಇಳುವರಿ ಎಷ್ಟು, ಪ್ರಯೋಗದ ಕಾಲದಲ್ಲಿ ಎಷ್ಟು? ಒಳ್ಳೆಯ ಮಣ್ಣಿನ ತಾಕು ಎರಡು ಸಲವೂ ಮುಂದಿರುತ್ತದೆ. ಆ ಮುನ್ನಡೆಯಲ್ಲಿ ಎಷ್ಟು ಪಾಲು ಮುಂದಕ್ಕೂ ಸಾಗಿಬಂತು ಎಂಬುದನ್ನು ಅಂಕಿಗಳಿಂದಲೇ ತಿಳಿದು ಅಷ್ಟನ್ನು ಮಾತ್ರ ತೆಗೆಯಬೇಕು. ನಮ್ಮಂಥದ್ದೇ ಗುಡ್ಡದ ತೋಟದ ಲೆಕ್ಕ ಇವತ್ತು ಲೋಕದ ಎಷ್ಟೋ ಔಷಧಿ ಪರೀಕ್ಷೆಗಳನ್ನು ಆಳುತ್ತಿದೆ ಎಂಬುದು ನನಗೆ ಹೆಮ್ಮೆಯ ಸಂಗತಿ.

ಅದು ಹೇಗೆಂದು ಒಂದು ಕಲ್ಪಿತ ಲೆಕ್ಕದಲ್ಲಿ ನೋಡೋಣ. ಚೀಟಿ ಎತ್ತಿ ರೋಗಿಗಳನ್ನು ಎರಡು ಗುಂಪು ಮಾಡಿದ್ದೇವೆ. ಔಷಧಿ ಗುಂಪಿನ ಸರಾಸರಿ ಒತ್ತಡ ಮೊದಲು 160, ಆಮೇಲೆ 146. ಬರಿ ಸಕ್ಕರೆ ಮಾತ್ರೆಯ ಗುಂಪಿನದು ಮೊದಲು 156, ಆಮೇಲೆ 145. ಕೊನೆಯ ಅಳತೆಯನ್ನಷ್ಟೇ ನೋಡಿದರೆ ಔಷಧಿಯೇ 1 ಅಂಶ ಹಿಂದೆ. ಕಳೆದು ನೋಡಿದರೆ 14 ಇಳಿದದ್ದು ಒಂದು ಕಡೆ, 11 ಇಳಿದದ್ದು ಇನ್ನೊಂದು ಕಡೆ. ಔಷಧಿ 3 ಅಂಶ ಮುಂದೆ. ಯಾವುದು ನಿಜ? ಚಪ್ಪಟೆ ಗೆರೆಯ ಇಳಿಜಾರು 0.6 ಎಂದಿಟ್ಟುಕೊಳ್ಳಿ. ಮೊದಲಿನ 4 ಅಂಶದ ವ್ಯತ್ಯಾಸದಲ್ಲಿ 2.4 ಮಾತ್ರ ಕೊನೆಯವರೆಗೆ ಉಳಿಯುವಂಥದ್ದು. ಔಷಧಿಯ ಗುಂಪು 2.4 ಮೇಲಿರಬೇಕಿತ್ತು, 1 ಮಾತ್ರ ಮೇಲಿದೆ. ಹಾಗಾಗಿ ಔಷಧಿಯ ಗುಣ 1.4. ಮೊದಲ ಅಳತೆಯನ್ನು ಪೂರ್ತಿ ಮರೆಯಲಿಲ್ಲ, ಪೂರ್ತಿ ಕಳೆಯಲೂ ಇಲ್ಲ. ಅದಕ್ಕೆ ಸಲ್ಲಬೇಕಾದ ಪಾಲು ಸಂದಿತು. ಒಡಹುಟ್ಟಿದವರು ತೋಟ ಹಿಸ್ಸೆ ಮಾಡಿಕೊಳ್ಳುವಾಗ ಇಷ್ಟು ನ್ಯಾಯವಾಗಿ ಗಡಿಗಲ್ಲು ನೆಟ್ಟರೆ ಯಾರಿಗೂ ಕೋರ್ಟಿನ ಮೆಟ್ಟಿಲು ಹತ್ತುವ ಕೆಲಸವಿರುವುದಿಲ್ಲ.

ಇದರ ಹಿಂದಿನ ಗಣಿತ ಒಂದೇ ಸಾಲಿನದು. ಎರಡು ಅಳತೆಗಳ ಏರಿಳಿತ ಒಂದೇ ಇದ್ದು, ಅವುಗಳ ನಡುವಿನ ಸಹಸಂಬಂಧ 0.5ಕ್ಕಿಂತ ಕಡಿಮೆ ಇದ್ದರೆ, ಕಳೆದು ಸಿಗುವ ಅಂಕಿ ಕೊನೆಯ ಅಳತೆಗಿಂತಲೂ ಹೆಚ್ಚು ಹೊಯ್ದಾಡುತ್ತದೆ. 0.8 ಇದ್ದರೆ ಕೊನೆಯ ಅಳತೆಯ ಏರಿಳಿತವನ್ನು 100 ಎಂದಿಟ್ಟುಕೊಂಡಾಗ ಕಳೆದದ್ದರದು 40, ಫಿಶರನ ದಾರಿಯದು 36. ಸಹಸಂಬಂಧ ಎಷ್ಟೇ ಇರಲಿ, ಅವನ ದಾರಿ ಉಳಿದೆರಡಕ್ಕಿಂತ ಹಿಂದೆ ಬೀಳುವುದೇ ಇಲ್ಲ. ನಮ್ಮ ಅರೇಬಿಕಾದಲ್ಲಂತೂ ಅಕ್ಕಪಕ್ಕದ ವರ್ಷಗಳ ಸಹಸಂಬಂಧ ಸೊನ್ನೆಗಿಂತ ಕೆಳಗೂ ಹೋಗಬಹುದು. ಅಲ್ಲಿ ಕಳೆಯುವುದೆಂದರೆ ಗದ್ದಲವನ್ನು ಇಮ್ಮಡಿಗಿಂತ ಹೆಚ್ಚು ಮಾಡಿಕೊಂಡಂತೆ. ಕಾಫಿ ಪ್ರಯೋಗಗಳಲ್ಲಿ ಹಲವು ವರ್ಷಗಳ ಫಸಲನ್ನು ಕೂಡಿಸಿ ನೋಡಬೇಕಾದದ್ದು ಇದಕ್ಕೇ.

2001ರಲ್ಲಿ ವಿಕರ್ಸ್ ಮತ್ತು ಆಲ್ಟ್‌ಮನ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಭುಜದ ನೋವಿನ ಅಂಕಿಗಳನ್ನಿಟ್ಟುಕೊಂಡು ಇದನ್ನೆಲ್ಲ ಡಾಕ್ಟರುಗಳಿಗೆ ತಿಳಿಯುವ ಹಾಗೆ ಬರೆದರು. ಆದರೂ ಬದಲಾವಣೆಯನ್ನು ಶೇಕಡಾ ಲೆಕ್ಕದಲ್ಲಿ ಹೇಳುವ ಮೋಹ ಬಿಟ್ಟಿಲ್ಲ. 100 ಇದ್ದದ್ದು 150 ಆದರೆ ಶೇ. 50 ಏರಿಕೆ, ಅದೇ 150 ಮರಳಿ 100ಕ್ಕೆ ಬಂದರೆ ಶೇ. 33 ಇಳಿಕೆ. ಹೋದಷ್ಟೇ ದಾರಿ ವಾಪಸು ಬಂದದ್ದನ್ನು ಎರಡು ಬೇರೆ ಅಂಕಿಯಲ್ಲಿ ಹೇಳುವ ಅಳತೆಗೋಲನ್ನು ನಾನು ಕೈಯಲ್ಲಿ ಹಿಡಿಯಲಾರೆ. ಇನ್ನು ಚೀಟಿ ಎತ್ತದೆ ತಾವಾಗಿಯೇ ಆದ ಗುಂಪುಗಳಿದ್ದರೆ ಫಿಶರನ ದಾರಿಯಲ್ಲೂ ಎಚ್ಚರ ಬೇಕು. ವಿದ್ಯಾರ್ಥಿಗಳ ತೂಕದ ಉದಾಹರಣೆ ಕೊಟ್ಟು 1967ರಲ್ಲಿ ಫ್ರೆಡರಿಕ್ ಲಾರ್ಡ್ ತೋರಿಸಿದ ಒಗಟು ಅದು. ಒಂದೇ ಅಂಕಿ, ಇಬ್ಬರು ಲೆಕ್ಕಿಗರು, ಎರಡು ಉತ್ತರ. ಆ ಒಗಟನ್ನು ನಾನು ಈಗಲೂ ಆಗಾಗ ಬಿಡಿಸುತ್ತ ಕೂರುತ್ತೇನೆ. ಎರಡೇ ಸಲ ಸಾಲದೆ ಮತ್ತೆ ಮತ್ತೆ ಅಳೆದ ಬೆಳವಣಿಗೆಯ ಗೆರೆಗಳನ್ನು ಹೋಲಿಸುವ ಬಗ್ಗೆ 1958ರಲ್ಲೇ ಬರೆದವರು ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್. ಅವರದು ಬೇರೆಯೇ ಒಂದು ಪ್ರಬಂಧಕ್ಕೆ ಆಗುವಷ್ಟಿದೆ.

ಕಳಸ, ಮೂಡಿಗೆರೆ ಕಡೆ ಶಿಬಿರ ನಡೆಸುವ ಡಾಕ್ಟರುಗಳಲ್ಲಿ ನನ್ನದೊಂದು ಕೋರಿಕೆ. ಒತ್ತಡ ಹೆಚ್ಚಿದ್ದವರ ಹೆಸರನ್ನಷ್ಟೇ ಬರೆದುಕೊಂಡು ಉಳಿದವರನ್ನು ಹಾಗೇ ಕಳಿಸಬೇಡಿ. ಸರಿಯಿದ್ದವರ ಅಂಕಿಯನ್ನೂ ಪುಸ್ತಕಕ್ಕೆ ಏರಿಸಿ. ಐದು ನಿಮಿಷ ಕೂರಿಸಿ ಎರಡನೇ ಸಲ ಅಳೆಯಿರಿ, ಎರಡನ್ನೂ ಬರೆದಿಡಿ. ಚಿಕಿತ್ಸೆ ಶುರುವಾದ ಮೇಲೆ ಮೊದಲ ಅಳತೆಯನ್ನು ಹಿಂದಕ್ಕೆ ಹೋಗಿ ತರಲು ಬರುವುದಿಲ್ಲ.