ನಳದ ನೀರಿನ ಊರು

ಹೈದರಾಬಾದಿನಲ್ಲಿ ಬಹುಕಾಲ ಕನ್ನಡ ಕಲಿಸಿ ನಿವೃತ್ತರಾದ ಅಧ್ಯಾಪಕರೊಬ್ಬರ ಅಡುಗೆಮನೆಯಲ್ಲಿ, ನೀರು ಶುದ್ಧೀಕರಿಸುವ ಯಂತ್ರದ ಕೆಳಗೆ, ಒಂದು ಹಳೆಯ ಬಕೆಟ್ಟು ಸದಾ ಇರುತ್ತದೆ. ಯಂತ್ರ ಬೇಡವೆಂದು ಹೊರಹಾಕಿದ ನೀರು ಸಣ್ಣ ಕೊಳವೆಯೊಂದರಿಂದ ಅದರೊಳಗೆ ಬೀಳುತ್ತದೆ. 2016ರ ಬೇಸಗೆಯವರೆಗೆ ಆ ಬಕೆಟ್ಟು ಅಲ್ಲಿರಲಿಲ್ಲ. ಅದು ಅಲ್ಲಿಗೆ ಬಂದ ಬಗೆಯನ್ನು ಹೇಳಹೊರಟರೆ ಒಂದು ನದಿಯ ಸಂಗತಿಯನ್ನೂ ಹೇಳಬೇಕಾಗುತ್ತದೆ.

ಅಧ್ಯಾಪಕರು ಹುಟ್ಟಿದ್ದು ಬೀದರ ಜಿಲ್ಲೆಯಲ್ಲಿ, ಮಾಂಜ್ರಾ ನದಿಯ ದಂಡೆಯ ಹಳ್ಳಿಯೊಂದರಲ್ಲಿ. ಆಗ ಬೀದರು ಹೈದರಾಬಾದು ರಾಜ್ಯದ ಭಾಗವಾಗಿತ್ತು. 1956ರಲ್ಲಿ ಗಡಿಗಳು ಬದಲಾದವು. ಓದಿಗೆ ಹೈದರಾಬಾದಿನತ್ತ ಮುಖಮಾಡುವ ರೂಢಿ ಮಾತ್ರ ಬದಲಾಗಲಿಲ್ಲ. ಅವರು 1960ರ ದಶಕದ ಕೊನೆಯಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದಲು ಬಂದು, ಕಾಚಿಗುಡದ ಒಂದು ಬಾಡಿಗೆ ಕೋಣೆಯಲ್ಲಿ ನೆಲೆಸಿದರು. ಅಂಗಳದ ನಳ ಐದು ಸಂಸಾರಗಳಿಗೆ ಒಂದೇ. ದಿನಕ್ಕೆ ಎರಡು ಬಕೆಟ್ಟು ನೀರಿನಲ್ಲಿ ಸ್ನಾನ, ಬಟ್ಟೆ, ಅಡುಗೆ ಎಲ್ಲವೂ ಮುಗಿಯುತ್ತಿದ್ದವು. ಊರಿನಿಂದ ಬಂದ ಜೋಳದ ಹಿಟ್ಟು ತಿಂಗಳ ಊಟಕ್ಕೆ ಆಧಾರವಾಗಿತ್ತು. ಅದನ್ನು ಅವರು ಬಡತನವೆಂದು ತಿಳಿದಿದ್ದರೇ ಹೊರತು ಮಿತವ್ಯಯವೆಂದು ಎಂದೂ ಹೆಸರಿಸಿರಲಿಲ್ಲ.

ಆ ನಳದ ನೀರಿನ ಚರಿತ್ರೆ ಅವರಿಗೆ ಪ್ರಿಯವಾದ ವಿಷಯ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಮಹಾಪೂರ ನಗರವನ್ನು ಕೊಚ್ಚಿದ ಮೇಲೆ ನಿಜಾಮ ಸರಕಾರ ಕರೆಸಿಕೊಂಡದ್ದು ಮೈಸೂರು ಸೀಮೆಯ ಎಂ. ವಿಶ್ವೇಶ್ವರಯ್ಯನವರನ್ನು. ಪೂರವನ್ನು ತಡೆಯುವ ಜಲಾಶಯಗಳೇ ನಗರದ ಬಾಯಾರಿಕೆಯನ್ನೂ ನೀಗಬೇಕೆಂಬ ಆಲೋಚನೆಯ ಫಲವಾಗಿ 1920ರಲ್ಲಿ ಉಸ್ಮಾನಸಾಗರವೂ 1927ರಲ್ಲಿ ಹಿಮಾಯತಸಾಗರವೂ ಸಿದ್ಧವಾದವು. ಅವು ಸಾಲದಾದಾಗ 1965ರಿಂದ ತೆಲುಗರು ಮಂಜೀರಾ ಎನ್ನುವ ಮಾಂಜ್ರಾದ ನೀರು ನಗರಕ್ಕೆ ಬರತೊಡಗಿತು. "ಈ ಪಟ್ಟಣದಲ್ಲಿ ನಾನು ಪರದೇಶಿಯಲ್ಲ, ನನ್ನೂರ ಹೊಳೆ ನನಗಿಂತ ಮೊದಲೇ ಇಲ್ಲಿಗೆ ಬಂದಿದೆ" ಎಂದು ಅವರು ತರಗತಿಯಲ್ಲಿ ಹೇಳುತ್ತಿದ್ದರು. ವಿದ್ಯಾರ್ಥಿಗಳು ನಗುತ್ತಿದ್ದರು.

ಮುಂದೆ ಜೀವನ ಬದಲಾಯಿತು. ಬದಲಾವಣೆಯ ಯಾವ ಹೆಜ್ಜೆಯನ್ನೂ ದುಂದು ಎನ್ನುವಂತಿರಲಿಲ್ಲ. ಬಹುಮಹಡಿ ಕಟ್ಟಡದಲ್ಲಿ ಸ್ವಂತ ಮನೆಯಾಯಿತು. ಒಮ್ಮೆ ಗುಂಡಿ ಒತ್ತಿದರೆ ಹತ್ತು ಲೀಟರು ಸುರಿಯುವ ಶೌಚಾಲಯ ಬಂತು. ಹೆಂಡತಿಯ ಬೆನ್ನುನೋವಿಗಾಗಿ ಬಟ್ಟೆ ಒಗೆಯುವ ಯಂತ್ರ ಬಂತು. ಕೊಳವೆಬಾವಿಯ ನೀರು ಗಡುಸೆಂದು ಶುದ್ಧೀಕರಣ ಯಂತ್ರ ಬಂತು. ಮಕ್ಕಳಿಗೆ ರೊಟ್ಟಿ ಬೇಡವಾಗಿ ಎರಡು ಹೊತ್ತೂ ಅನ್ನವಾಯಿತು. ಒಂದೊಂದಕ್ಕೂ ತಕ್ಕ ಕಾರಣವಿತ್ತು. ಎಲ್ಲವನ್ನೂ ಒಟ್ಟುಗೂಡಿಸಿ ನೋಡುವ ಪ್ರಸಂಗ ಮಾತ್ರ ಒದಗಿರಲಿಲ್ಲ.

ಅದು ಒದಗಿದ್ದು 2016ರ ಮೇ ತಿಂಗಳಿನಲ್ಲಿ. ಆ ವರ್ಷ ಮಾಂಜ್ರಾ ಕೊಳ್ಳವೆಲ್ಲ ಒಣಗಿತ್ತು. ಅದೇ ಕೊಳ್ಳದ ಲಾತೂರಿಗೆ ಏಪ್ರಿಲಿನಿಂದ ಮೀರಜದಿಂದ ರೈಲಿನಲ್ಲಿ ನೀರು ಸಾಗಿಸಲಾಗುತ್ತಿತ್ತು. ಊರಿನಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ತಮ್ಮ ಕಣ್ಣಿನ ಚಿಕಿತ್ಸೆಗೆಂದು ಅಣ್ಣನ ಮನೆಗೆ ಬಂದವನು ಮೊದಲ ದಿನವೇ ಅಡುಗೆಮನೆಯ ಕೊಳವೆಯ ಎದುರು ನಿಂತುಬಿಟ್ಟ.

"ಅಣ್ಣಾ, ಈ ನೀರು ಎಲ್ಲಿಗಿ ಹೋಗ್ತದ?"

"ಮೋರಿಗಿ ಹೋಗ್ತದ ತಮ್ಮಾ. ಅದು ಕುಡಿಲಾಕ ಬರಂಗಿಲ್ಲ."

"ಕುಡಿಲಾಕ ಬರದಿದ್ರ ನೆಲ ಒರಸ್ಲಾಕ ಬರಲ್ಲೇನು?"

ಅವನೇ ಬಚ್ಚಲಿನಿಂದ ಬಕೆಟ್ಟು ತಂದು ಕೆಳಗಿಟ್ಟ. ಒಂದು ಲೀಟರು ಕುಡಿಯುವ ನೀರಿಗೆ ಎರಡು ಮೂರು ಲೀಟರು ಹೊರಹೋಗುತ್ತಿದ್ದುದರಿಂದ ಸಂಜೆಗೆ ಬಕೆಟ್ಟು ಎರಡು ಸಲ ತುಂಬಿತ್ತು. ರಾತ್ರಿ ಊಟಕ್ಕೆ ಕುಳಿತಾಗ ಅವನು ಇನ್ನೊಂದು ಮಾತು ಕೇಳಿದ: "ನಮ್ಮ ಹೊಳಿ ಬತ್ತ್ಯದ. ನಿಮ್ಮ ನಳ ಬತ್ತಿಲ್ಲ. ಇದು ಯಾವ ಹೊಳಿ ನೀರು, ಅಣ್ಣಾ?"

ತರಗತಿಯಲ್ಲಿ ಎಷ್ಟೋ ಸಲ ಉತ್ತರಿಸಿದ್ದ ಪ್ರಶ್ನೆಗೆ ಅಧ್ಯಾಪಕರಲ್ಲಿ ಉತ್ತರವಿರಲಿಲ್ಲ. ಆ ಬೇಸಗೆಯಲ್ಲಿ ಸಿಂಗೂರು, ಮಂಜೀರಾ ಜಲಾಶಯಗಳು ಬರಿದಾಗಿದ್ದವು. ಉಸ್ಮಾನಸಾಗರ, ಹಿಮಾಯತಸಾಗರಗಳೂ ಒಣಗಿದ್ದವು. ಕೃಷ್ಣೆ ಮತ್ತು ಗೋದಾವರಿಗಳೇ ನಗರವನ್ನು ಕಾಪಾಡುತ್ತಿದ್ದವು. ಒಂದು ನದಿ ಸೋತರೆ ನಗರಕ್ಕೆ ಇನ್ನೊಂದು ನದಿ ಉಂಟು. ತಮ್ಮನ ಹಳ್ಳಿಗೆ ಇದ್ದುದು ಒಂದೇ.

ಮೊದಲಿಗೆ ಅವರು ಭೂಗೋಳದ ಆಸರೆ ಪಡೆದರು. ಮಾಂಜ್ರಾ ಬೀದರನ್ನು ದಾಟಿದ ಮೇಲಷ್ಟೇ ಹೈದರಾಬಾದಿನ ಜಲಾಶಯಗಳನ್ನು ಸೇರುತ್ತದೆ. ಹೀಗಾಗಿ ತಾವು ಕುಡಿದದ್ದರಿಂದ ತಮ್ಮನ ಹೊಳೆ ಬತ್ತಿರಲಾರದು. ಲೆಕ್ಕ ಸರಿಯಾಗಿಯೇ ಇತ್ತು. ನೆಮ್ಮದಿ ಮಾತ್ರ ನಿಲ್ಲಲಿಲ್ಲ. ಏಕೆಂದರೆ ನದಿಯ ಕೆಳಗೆ, 1931ರಲ್ಲಿ ಬೇಸಾಯಕ್ಕೆಂದೇ ಕಟ್ಟಿದ ನಿಜಾಮಸಾಗರವಿದೆ. ನಗರ ಮೇಲೆ ಎತ್ತಿಕೊಂಡ ನೀರು ಅಲ್ಲಿನ ರೈತರಿಗೆ ಇಲ್ಲವಾದ ನೀರು. ಅಲ್ಲಿಯೂ ಯಾರೋ ಒಬ್ಬರ ತಮ್ಮನಿರುತ್ತಾನೆ.

ಕೃಷ್ಣೆಯ ಲೆಕ್ಕ ಬೇರೆಯದು. ನಾಗಾರ್ಜುನಸಾಗರದ ಪೂರ್ಣ ಜಲಮಟ್ಟ ಸಮುದ್ರಮಟ್ಟದಿಂದ ಸುಮಾರು 180 ಮೀಟರ್. ಹೈದರಾಬಾದು ಇರುವುದು ಸುಮಾರು 540 ಮೀಟರ್ ಎತ್ತರದಲ್ಲಿ. ಸಾವಿರ ಲೀಟರು ನೀರನ್ನು ಅಷ್ಟೆತ್ತರಕ್ಕೆ ಏರಿಸಲು, ಪಂಪು ಮತ್ತು ಕೊಳವೆಗಳಲ್ಲಾಗುವ ನಷ್ಟವನ್ನು ಬಿಟ್ಟರೂ, ಒಂದು ಯೂನಿಟ್ಟಿನಷ್ಟು ವಿದ್ಯುತ್ತು ಬೇಕು. ಆ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನದು. ನಳ ತಿರುಗಿಸಿದಾಗ ನೀರಷ್ಟೇ ಅಲ್ಲ, ದೂರದಲ್ಲೆಲ್ಲೋ ಇದ್ದಲೂ ಖರ್ಚಾಗುತ್ತದೆ. ಬೀದರಿನ ನೌಬಾದದಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆ; ನೆಲದಡಿಯಲ್ಲಿ ಇಳಿಜಾರಿನ ಬಲದಿಂದಲೇ ನೀರು ಹರಿಯುವಂತೆ ಕಾರೇಜ್ ಪದ್ಧತಿಯಲ್ಲಿ ಅದನ್ನು ತೋಡಲಾಗಿದೆ. ಅದನ್ನು ತೋಡಿದವರು ಈ ನಳವನ್ನು ಕಂಡಿದ್ದರೆ ಬೆರಗಾಗುತ್ತಿದ್ದರೋ ಮರುಗುತ್ತಿದ್ದರೋ ಹೇಳುವುದು ಕಷ್ಟ.

1990ರ ದಶಕದಲ್ಲಿ ಕೆನಡಾದ ವಿಲಿಯಂ ರೀಸ್ ಮತ್ತು ಮಥಿಸ್ ವಾಕರ್ನಾಗೆಲ್ ಇಂಥ ಲೆಕ್ಕಕ್ಕೆ 'ಪರಿಸರದ ಹೆಜ್ಜೆಗುರುತು' ಎಂಬರ್ಥದ ಹೆಸರು ಕೊಟ್ಟರು. ಒಬ್ಬನ ಬಳಕೆಯನ್ನು ಪೂರೈಸಲು ಮತ್ತು ಅವನ ಕಸವನ್ನು ಅರಗಿಸಲು ಎಷ್ಟು ನೆಲ ಜಲ ಬೇಕೆಂಬುದು ಅದರ ಪ್ರಶ್ನೆ. ಸಾಮಾನ್ಯವಾಗಿ ಹೆಜ್ಜೆ ಮೂಡುವುದು ಕಾಲಿಟ್ಟಲ್ಲಿ. ನಗರವಾಸಿಯ ಹೆಜ್ಜೆ ಮೂಡುವುದು ಅವನು ಎಂದೂ ಕಾಲಿಡದ ಊರುಗಳಲ್ಲಿ. ಆದ್ದರಿಂದಲೇ ಅದು ಅವನಿಗೆ ಕಾಣುವುದಿಲ್ಲ. ನಮ್ಮ ದೇಶದಲ್ಲಿ ನಗರದ ವ್ಯಕ್ತಿಗೆ ದಿನಕ್ಕೆ 135 ಲೀಟರು ನೀರು ಬೇಕೆಂಬುದು ಯೋಜನೆಗಳ ಮಾನದಂಡ. 2019ರ ಜಲ ಜೀವನ ಮಿಷನ್ ಹಳ್ಳಿಯವನಿಗೆ ಗೊತ್ತುಪಡಿಸಿದ್ದು 55 ಲೀಟರು. ಒಂದೇ ತಾಯಿಯ ಮಕ್ಕಳಿಗೆ ಎರಡು ಅಳತೆ!

ಆದರೆ ನಳದ ನೀರಿಗಿಂತ ತಟ್ಟೆಯ ನೀರು ದೊಡ್ಡದು. ಒಂದು ಕಿಲೋ ಅಕ್ಕಿ ಬೆಳೆಯಲು ಎರಡು ಸಾವಿರ ಲೀಟರಿಗೂ ಹೆಚ್ಚು ನೀರು ಬೇಕು. ಅದು ನಗರವಾಸಿಯೊಬ್ಬನ ಹದಿನೈದು ದಿನಗಳ ಪಾಲು. ಬೀದರಿನ ಜೋಳ ಬಹುಮಟ್ಟಿಗೆ ಮಳೆಯ ತೇವದಲ್ಲೇ ಬೆಳೆಯುವ ಪೈರು. ಈ ಮಾತು ಬಂದಾಗ ತಮ್ಮನೂ ತಲೆ ತಗ್ಗಿಸಿದ. ಅವನ ಹೊಲದಲ್ಲೂ ಈಗ ಜೋಳವಿರಲಿಲ್ಲ. ಕೊಳವೆಬಾವಿ ನಂಬಿ ಕಬ್ಬು ಹಾಕಿದ್ದ. ಆ ಕಬ್ಬಿನ ಸಕ್ಕರೆ ನಗರದ ಚಹಾಕ್ಕೆ, ನಗರದ ಹಣ ಅವನ ಸಾಲಕ್ಕೆ. ಯಾರ ಹೆಜ್ಜೆ ಎಲ್ಲಿ ಮುಗಿದು ಯಾರದು ಎಲ್ಲಿ ಮೊದಲಾಗುತ್ತದೆಂದು ಅಣ್ಣತಮ್ಮಂದಿರು ಆ ರಾತ್ರಿ ಬಿಡಿಸಲಾರದೆ ಹೋದರು.

ತಮ್ಮ ಹೋದ ಮೇಲೆ ಬಕೆಟ್ಟು ಉಳಿಯಿತು. ಅದರ ನೀರಿನಿಂದ ನೆಲ ಒರೆಸುವುದು, ಶೌಚಾಲಯ ತೊಳೆಯುವುದು ರೂಢಿಯಾಯಿತು. ಬಟ್ಟೆಯ ಯಂತ್ರ ತುಂಬಿದ ಮೇಲಷ್ಟೇ ತಿರುಗುತ್ತದೆ. ವಾರಕ್ಕೆ ಮೂರು ದಿನ ರೊಟ್ಟಿ ಮರಳಿತು. ಎಲ್ಲವೂ ಕೈಗೂಡಲಿಲ್ಲ. ಪ್ರತಿ ಮನೆಗೂ ಮೀಟರು ಹಾಕಿಸೋಣವೆಂಬ ಅವರ ಸಲಹೆಯನ್ನು ಕಟ್ಟಡದ ಸಭೆ ಒಪ್ಪಲಿಲ್ಲ. 2021ರಲ್ಲಿ ತಿಂಗಳಿಗೆ 20,000 ಲೀಟರು ನೀರು ಉಚಿತವಾದಾಗ "ಇನ್ನೇಕಪ್ಪಾ ಈ ಬಕೆಟ್ಟು?" ಎಂದು ಮಗ ಕೇಳಿದ. ಒಂದು ಬಕೆಟ್ಟಿನಿಂದ ನದಿ ತುಂಬದೆಂಬುದು ಅವರಿಗೂ ತಿಳಿದಿತ್ತು. ಯಾವ ನದಿಯ ನೀರೆಂದು ಮರೆಯದಿರಲು ಅದು ಬೇಕೆಂದು ಮಾತ್ರ ಹೇಳಿದರು.

ಕವಿರಾಜಮಾರ್ಗಕಾರನು ಕನ್ನಡ ನಾಡಿನ ಮೇರೆಯನ್ನು ಹೇಳಿದ್ದು ಎರಡು ನದಿಗಳ ಹೆಸರಿನಿಂದ. ಅವುಗಳಲ್ಲಿ ಒಂದಾದ ಗೋದಾವರಿ ಇಂದು ಹೈದರಾಬಾದಿನ ನಳಗಳಲ್ಲಿ ಹರಿಯುತ್ತಿದೆ. ಆ ಪದ್ಯವನ್ನು ವರ್ಷವರ್ಷವೂ ಪಾಠ ಹೇಳಿದ ಅಧ್ಯಾಪಕರಿಗೆ ನದಿಯೆಂದರೆ ಮೇರೆಯಾಗಿತ್ತು, ಅಭಿಮಾನವಾಗಿತ್ತು. ಅದು ಋಣವೂ ಹೌದೆಂದು ಹೊಳೆಯಲು ತಮ್ಮನ ಪ್ರಶ್ನೆ ಬೇಕಾಯಿತು. 2016ರ ಸೆಪ್ಟೆಂಬರಿನಲ್ಲಿ ಮಳೆ ಸುರಿದು ಸಿಂಗೂರು ತುಂಬಿತು. ಅಂದು ಊರಿನಿಂದ ಫೋನು ಬಂದಾಗ ಅವರು ಕ್ಷೇಮಸಮಾಚಾರಕ್ಕೆ ಮೊದಲು ಕೇಳಿದ್ದು ಹೊಳೆಗೆ ನೀರು ಬಂತೇ ಎಂದು. ಅಂದಿನಿಂದ ಪ್ರತಿ ಸಲವೂ ಹಾಗೆಯೇ ಕೇಳುತ್ತಾರೆ.