ಎರಡು ಅಣೆಕಟ್ಟುಗಳ ನಡುವಿನ ದೋಣಿ

ಮೂಡುಬಿದಿರೆಯಿಂದ ಸಿದ್ದಕಟ್ಟೆ ಮಾರ್ಗವಾಗಿ ಬಂಟ್ವಾಳಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನೀವು ಕೂತಿದ್ದೀರಿ. ಏಪ್ರಿಲ್ ಮುಗಿಯುತ್ತ ಬಂದಿದೆ. ಕಾಲಿನ ಬಳಿ ಒಂದು ಕ್ಯಾನು, ಅದರೊಳಗೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ. ಕಂಡಕ್ಟರ್ ಬಗ್ಗಿ ನೋಡುತ್ತಾನೆ. "ಇದೆಂಥದ್ದು ಮಾರಾಯ್ರೆ, ಚೆಲ್ಲಿದ್ರೆ ಕಾಲಿನ ಚರ್ಮ ಹೋಗ್ತದೆ." ದೋಣಿಗೆ ಎಂದು ಹೇಳುತ್ತೀರಿ. ಮೂಡುಬಿದಿರೆಯವರಿಗೆ ಎಲ್ಲಿಯ ದೋಣಿ ಎಂದು ನಕ್ಕು ಅವನು ಮುಂದಿನ ಸೀಟಿಗೆ ಹೋಗುತ್ತಾನೆ.

ನಗುವಂಥದ್ದೇನಿಲ್ಲ. ಮೂಡುಬಿದಿರೆಯ 1430ರ ಸಾವಿರ ಕಂಬದ ಬಸದಿಯಲ್ಲಿ ಭೈರಾದೇವಿ ಮಂಟಪದ ಬುಡದ ಕಲ್ಲಿನಲ್ಲಿ ಜಿರಾಫೆಯನ್ನೂ ಚೀನಾದ ಡ್ರ್ಯಾಗನ್ನನ್ನೂ ಕೆತ್ತಿದ್ದಾರೆ. ಕಡಲಿನಾಚೆಯ ಸುದ್ದಿ ತಲುಪದ ಊರಿನಲ್ಲಿ ಇಂಥ ಕೆತ್ತನೆ ಹುಟ್ಟುವುದಿಲ್ಲ. ದಾರಿಯಲ್ಲಿ ಬಸ್ಸು ಫಲ್ಗುಣಿ ಹೊಳೆಯನ್ನು ದಾಟುತ್ತದೆ. ಈ ಬಿಸಿಲಿಗೆ ಅಲ್ಲಿ ನೀರಿಗಿಂತ ಬಂಡೆಗಳೇ ಹೆಚ್ಚು. ನೀವು ಹೊರಟಿರುವುದು ನೇತ್ರಾವತಿಗೆ.

ಪಾಣೆಮಂಗಳೂರಿನ ಹಳೇ ಸೇತುವೆಯ ಬಳಿ ದಡಕ್ಕೆ ಇಳಿಯುತ್ತೀರಿ. ತೆಂಗಿನ ನೆರಳಿನಾಚೆ, ಎರಡು ಅಡಿಕೆ ಮರದ ತುಂಡುಗಳ ಮೇಲೆ, ಮಾವನ ದೋಣಿ ಕವುಚಿ ಬಿದ್ದಿದೆ. ಹೆಬ್ಬಲಸಿನ ಹಲಗೆಯದು, ಉದ್ದಕ್ಕೆ ಹೋಲಿಸಿದರೆ ಅಗಲ ಬಹಳ ಕಡಿಮೆ. ನಾಲ್ಕು ದಿನದಿಂದ ಒಣಗುತ್ತಿದೆ. ಬೆರಳ ಗೆಣ್ಣಿನಿಂದ ಹಲಗೆ ತಟ್ಟುತ್ತ ಮಾವ ಅದರ ಸುತ್ತ ನಡೆಯುತ್ತಿದ್ದಾರೆ. ಗಟ್ಟಿ ಸದ್ದು ಬಂದರೆ ಮುಂದೆ ಹೋಗುತ್ತಾರೆ, ಮಂದ ಸದ್ದು ಬಂದಲ್ಲಿ ಇದ್ದಿಲಿನಿಂದ ಒಂದು ಗೀಟು.

"ಎಣ್ಣೆ ತಂದಿಯಾ? ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚಿಕೋ. ಮೊಣಕೈವರೆಗೆ."

ಹಚ್ಚಿಕೊಳ್ಳದಿದ್ದರೆ ರಾತ್ರಿಗೆ ಚರ್ಮ ಬೊಬ್ಬೆ ಏಳುತ್ತದೆ. ಹುಳುವನ್ನೂ ಬೂಷ್ಟನ್ನೂ ದೂರ ಇಡುವ ಗುಣ ಮತ್ತು ಚರ್ಮ ಸುಡುವ ಗುಣ ಈ ಎಣ್ಣೆಯಲ್ಲಿ ಒಟ್ಟಿಗೇ ಇವೆ, ಒಂದನ್ನು ಬಿಟ್ಟು ಇನ್ನೊಂದು ಸಿಗುವುದಿಲ್ಲ. ಆದರೆ ಎಣ್ಣೆಯ ಸರದಿ ಬರಲು ಇನ್ನೂ ಹೊತ್ತಿದೆ. ಮೊದಲು ಕೆರೆಯುವುದು. ಪಾಚಿ ಒಣಗಿ ಹಸಿರು ಹುಡಿಯಾಗಿ ಮೂಗಿಗೆ ಹೋಗುತ್ತದೆ, ಸಣ್ಣ ಶಂಖದ ಹುಳುಗಳ ಚಿಪ್ಪು ಕತ್ತಿಯ ಬೆನ್ನಿಗೆ ಸಿಕ್ಕಿ ಚಟಪಟ ಹಾರುತ್ತದೆ. ಆಮೇಲೆ ಬೆಂಕಿ. ಒಣ ಸೋಗೆಗೆ ಕಿಚ್ಚು ಹಚ್ಚಿ ಮಾವ ಅದನ್ನು ಹಲಗೆಯ ಮೇಲೆ ನಿಲ್ಲಿಸದೆ ಆಡಿಸುತ್ತಾರೆ. ಮರ ಸುಡಬಾರದು, ಸಂದಿಯ ಹುಳು ಉಳಿಯಬಾರದು, ತೇವ ಹಾರಬೇಕು.

ಈಗ ಸಂದುಗಳ ಕೆಲಸ. ಎರಡು ಹಲಗೆ ಸೇರುವ ಕಡೆ ಹಳೆಯ ಹತ್ತಿ ಕಪ್ಪಾಗಿ ಸಡಿಲಾಗಿದೆ. ಮೊಂಡು ಉಳಿಯಿಂದ ಅದನ್ನು ಎಬ್ಬಿಸುತ್ತೀರಿ, ಹೊಸ ಹತ್ತಿಯನ್ನು ಹೊಸೆದು ಎಣ್ಣೆಯಲ್ಲಿ ಅದ್ದಿ ಒಳಗೆ ತುರುಕುತ್ತೀರಿ. ಹೆಚ್ಚು ಹೊಡೆದರೆ ಹಲಗೆ ಬಿರಿಯುತ್ತದೆ, ಕಡಿಮೆಯಾದರೆ ನಡುಹೊಳೆಯಲ್ಲಿ ಪಾದ ಒದ್ದೆಯಾಗುತ್ತದೆ. ಮೊಳೆಯ ಸುತ್ತ ತುಕ್ಕಿನ ಕಲೆ ಕಂಡರೆ ಆ ಮೊಳೆಯನ್ನು ನಂಬುವಂತಿಲ್ಲ, ಕಿತ್ತು ಹೊಸತು ಹೊಡೆಯಬೇಕು. ಮಧ್ಯಾಹ್ನದ ಗಂಜಿಯ ಹೊತ್ತಿಗೆ ಒಂದು ಪಕ್ಕ ಮಾತ್ರ ಮುಗಿದಿದೆ.

ಕೈ ತೊಳೆಯಲು ನೀರಿಗಿಳಿದಾಗ ಮಾರು ದೂರದಲ್ಲಿ ಇನ್ನೊಂದು ದೋಣಿ ಕಾಣುತ್ತದೆ. ಅಂಚು ಮಾತ್ರ ನೀರಿನ ಮೇಲಿದೆ, ಒಳಗೆಲ್ಲ ನೀರು. ಮುಳುಗಿಹೋಯಿತೇ ಎಂದು ಕೇಳುತ್ತೀರಿ.

"ಮುಳುಗಿಸಿಟ್ಟದ್ದು. ಸುಮ್ಮನೆ ದಡದಲ್ಲಿ ಬಿಟ್ಟರೆ ಈ ಬಿಸಿಲಿಗೆ ಹಲಗೆ ಬಿಟ್ಟುಕೊಳ್ತದೆ. ನೀರಲ್ಲಿ ಕೂತರೆ ಮರ ಉಬ್ಬಿ ಸಂದು ತಾನೇ ಮುಚ್ಚುತ್ತದೆ. ನಮ್ಮದನ್ನೂ ಎಣ್ಣೆ ಕುಡಿದ ಮೇಲೆ ಹಾಗೆ ಇಡ್ಲಿಕ್ಕುಂಟು."

ಒಣಗಿಸಿ ಎಣ್ಣೆ ಕುಡಿಸುವುದು, ಮತ್ತೆ ಮುಳುಗಿಸಿ ಉಬ್ಬಿಸುವುದು: ಮರದ ದೋಣಿ ಸಾಕುವವರಿಗೆ ಇದು ತಪ್ಪದ ಸರದಿ. ಫೈಬರ್ ದೋಣಿ ತಂದವರಿಗೆ ಈ ರಗಳೆ ಇಲ್ಲ. ಹಾಗಾಗಿ ಮರದ ದೋಣಿಯ ಬಡಗಿಗಳೂ ವಿರಳವಾಗಿದ್ದಾರೆ. ದೋಣಿ ಸಾಕುವ ರಗಳೆ ಇಲ್ಲಿ ಮಾತ್ರವಲ್ಲ. ಇಂಗ್ಲೆಂಡಿನ ಕಾಲುವೆಗಳಲ್ಲಿ ಏಳಡಿಗೂ ತುಸು ಕಡಿಮೆ ಅಗಲದ ಉದ್ದನೆಯ ದೋಣಿಗಳನ್ನು ಮನೆ ಮಾಡಿಕೊಂಡು ಬದುಕುವವರಿದ್ದಾರೆ. ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ನೀರಿನಿಂದ ಎತ್ತಿಸಿ, ಉಕ್ಕಿನ ತಳವನ್ನು ಕೆರೆದು ಡಾಂಬರಿನ ಕರಿ ಬಳಿಯುವುದು ಅವರ ರಗಳೆ. ಮೈಮುರಿಯುವ ಕೆಲಸದಲ್ಲಿ ಮಾವನಿಗೂ ಅವರಿಗೂ ದೊಡ್ಡ ವ್ಯತ್ಯಾಸವೇನಿಲ್ಲ. ವ್ಯತ್ಯಾಸವಿರುವುದು ದೋಣಿ ನೀರಿಗಿಳಿದ ಮೇಲೆ.

ಬನ್ನಿ, ಪಕ್ಕದ ಮನೆಯವರ ಫೈಬರ್ ದೋಣಿ ಹತ್ತಿ. ಮಾವ ಹಿಂದೆ ನಿಂತು ಜಲ್ಲೆ ಊರುತ್ತಾರೆ. ಸ್ವಲ್ಪ ಹೋದರೆ ಆಳ ಹೆಚ್ಚಿ ಜಲ್ಲೆಗೆ ನೆಲ ಸಿಗುವುದಿಲ್ಲ, ಹುಟ್ಟು ತೆಗೆಯಬೇಕು. ಹೊಳೆಯ ಮೈ ಕದಲುವುದೇ ಇಲ್ಲ, ಇದು ಕೆಳಗೆ ತುಂಬೆಯಲ್ಲಿ ತಡೆದು ನಿಲ್ಲಿಸಿದ ನೀರು. ಮಂಗಳೂರು ನಗರ ಕುಡಿಯುವುದು ಇದನ್ನೇ. ಹೊಸ ಕಿಂಡಿ ಅಣೆಕಟ್ಟಿನಲ್ಲಿ 6 ಮೀಟರ್‌ವರೆಗೆ ನಿಲ್ಲಿಸುತ್ತಾರೆ. ತುಂಬೆಯ ಗೇಟುಗಳು ಕಂಡಾಗ ಮಾವ ಹುಟ್ಟನ್ನು ಮೇಲೆತ್ತುತ್ತಾರೆ. ಮುಂದೆ ದಾರಿಯಿಲ್ಲ. ಅದರಾಚೆ ಅಡ್ಯಾರು-ಹರೇಕಳದಲ್ಲಿ ಇನ್ನೊಂದು. ತಿರುಗಿ ಮೇಲಕ್ಕೆ ಹೋದರೆ ಜಕ್ರಿಬೆಟ್ಟಿನ ಅಣೆಕಟ್ಟು, ಇನ್ನೂ ಮೇಲೆ ಶಂಭೂರಿನದು.

ಒಂದು ಕಾಲಕ್ಕೆ ಬಂಟ್ವಾಳ ಬೆಳೆದದ್ದೇ ಈ ಹೊಳೆಯಿಂದ. ಘಟ್ಟದ ಮೇಲಿನ ಕಾಫಿ ಎತ್ತಿನ ಗಾಡಿಯಲ್ಲಿ ಬಂಟ್ವಾಳಕ್ಕೆ ಇಳಿದು ಮಂಗಳೂರು ಬಂದರಿಗೆ ಹೋಗುತ್ತಿತ್ತು, ಹೊಳೆಯಲ್ಲಿ ಸರಕಿನ ದೋಣಿಗಳು ಓಡಾಡುತ್ತಿದ್ದವು. ಸೇತುವೆ ಬಂತು, ಲಾರಿ ಬಂತು, ಅದು ಮುಗಿಯಿತು. ಅದಕ್ಕೆ ಯಾರನ್ನೂ ದೂರಬೇಕಿಲ್ಲ. ದೂರಬೇಕಾದ್ದು ಬೇರೆ ಇದೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯಲ್ಲಿ ದೇಶದ 111 ಜಲಮಾರ್ಗಗಳ ಪಟ್ಟಿ ಇದೆ. ಅದರಲ್ಲಿ 74ನೆಯದು ನೇತ್ರಾವತಿ, ಧರ್ಮಸ್ಥಳದ ಅಣೆಕಟ್ಟಿನಿಂದ ಬೆಂಗ್ರೆಯ ಕಡಲಿನವರೆಗೆ 78 ಕಿಲೋಮೀಟರ್. ಮಾವನಿಗೆ ಇದನ್ನು ಹೇಳಿ ನೋಡಿ.

"ಮಳೆಗಾಲದಲ್ಲಿ ಗೇಟು ತೆಗೀತಾರೆ, ಆಗ ದೋಣಿ ಇಳಿಸಿದವ ಮನೆಗೆ ಬರುದಿಲ್ಲ. ಹೊಳೆ ಸುಮ್ಮನಿರುವಾಗ ಗೇಟು ಹಾಕ್ತಾರೆ. ನಿನ್ನ ಜಲಮಾರ್ಗ ಯಾವ ತಿಂಗಳಲ್ಲಿ ಉಂಟು ಮಾರಾಯ?"

ಉತ್ತರ ನಿಮ್ಮಲ್ಲಿಲ್ಲ. ಕುಡಿಯುವ ನೀರಿಗೆ ಅಣೆಕಟ್ಟು ಬೇಕು, ಸರಿ. ಆದರೆ ಆ ಇಂಗ್ಲೆಂಡಿನ ಕಾಲುವೆಗಳಲ್ಲಿ ನೀರು ತಡೆದಲ್ಲೆಲ್ಲ ಎರಡು ಬದಿ ಬಾಗಿಲಿನ ಒಂದು ತೊಟ್ಟಿ ಇದೆ. ದೋಣಿ ಒಳಗೆ ಹೋದ ಮೇಲೆ ಬಾಗಿಲು ಮುಚ್ಚಿ ನೀರು ಏರಿಸಿಯೋ ಇಳಿಸಿಯೋ ಆಚೆಗೆ ಬಿಡುತ್ತಾರೆ. ಹದಿನೆಂಟನೆಯ ಶತಮಾನಕ್ಕಿಂತಲೂ ಹಳೆಯ ತಂತ್ರ ಅದು, ಕರೆಂಟೂ ಬೇಡ.

ಸಂಜೆ ದಡಕ್ಕೆ ಮರಳಿ ಎಣ್ಣೆ ಬಳಿಯುತ್ತೀರಿ. ಕಂದು ಎಣ್ಣೆ ಬಿಸಿ ಹಲಗೆಗೆ ತಾಗಿದ ಕೂಡಲೇ ಇಂಗುತ್ತದೆ. ಎರಡನೆಯ ಕೈ ನಾಳೆಗೆ. ಮೇ ಕೊನೆಗೆ ದೋಣಿಯನ್ನು ದಡದ ಮೇಲಕ್ಕೆ, ಆ ತೆಂಗಿನ ಬುಡದವರೆಗೆ ಎಳೆದು ಕಟ್ಟಬೇಕು. ಯಾಕೆ ಅಷ್ಟು ಮೇಲೆ ಎಂದರೆ ಮಾವ 1974ರ ನೆರೆಯ ಗುರುತು ತೋರಿಸುತ್ತಾರೆ. 1923ರದ್ದನ್ನು ಅವರು ಹಿರಿಯರ ಬಾಯಲ್ಲಿ ಕೇಳಿದ್ದಷ್ಟೇ. ಬಂಟ್ವಾಳದಲ್ಲಿ ಅಪಾಯದ ಮಟ್ಟ 8.5 ಮೀಟರ್. ಹೊಳೆ ಅದನ್ನು ದಾಟಿ ಆಲಡ್ಕದ ಮನೆಗಳಿಗೆ ನುಗ್ಗಿದ ದಿನ ಎಲ್ಲರಿಗೂ ದೋಣಿಯ ನೆನಪಾಗುತ್ತದೆ.

ಉಳಿದ ದಿನಗಳಲ್ಲೂ ಅದು ನೆನಪಿರಲಿ ಎಂಬುದಷ್ಟೇ ಕೇಳಿಕೆ. ಈ ಹೊಳೆಗೆ ಮುಂದೆ ಕಟ್ಟುವ ಪ್ರತಿ ಕಿಂಡಿ ಅಣೆಕಟ್ಟಿನ ನಕ್ಷೆಯಲ್ಲಿ ಆ ತೊಟ್ಟಿಯಂಥ ಒಂದು ದೋಣಿಬಾಗಿಲು ಇರಲಿ. ಈಗಾಗಲೇ ಕಟ್ಟಿದವುಗಳ ಪಕ್ಕದಲ್ಲಿ ದೋಣಿ ಎಳೆದು ದಾಟಿಸಲು ಇಳಿಜಾರು ದಾರಿಯಾದರೂ ಆಗಲಿ. ಇವೆರಡೂ ಆಗದಿದ್ದರೆ 74ನೆಯ ಸಂಖ್ಯೆಯನ್ನು ಪಟ್ಟಿಯಿಂದ ತೆಗೆದುಬಿಡುವುದೇ ಪ್ರಾಮಾಣಿಕ.