ಇಟ್ಟಮಡುವಿನ ಏರುದಾರಿ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಬನಶಂಕರಿ ಮೂರನೆಯ ಹಂತಕ್ಕೆ ಹೊಂದಿಕೊಂಡು, ಹೊರವರ್ತುಲ ರಸ್ತೆಯ ಮಗ್ಗುಲಲ್ಲಿ ಇಟ್ಟಮಡು ಇದೆ. ಇಂದು ಅದು ಬಡಾವಣೆ. ಹೆಸರಿನಲ್ಲಿ ಮಾತ್ರ ಹಳ್ಳಿ ಇನ್ನೂ ಉಸಿರಾಡುತ್ತಿದೆ. ಮಡು ಎಂದರೆ ಹಳ್ಳದಲ್ಲಿಯೋ ಹೊಳೆಯಲ್ಲಿಯೋ ನೀರು ಆಳವಾಗಿ ನಿಂತ ಎಡೆ. ಒಂದು ಮಗ್ಗುಲಿಗೆ ಹೊಸಕೆರೆಹಳ್ಳಿ, ಇನ್ನೊಂದು ಮಗ್ಗುಲಿಗೆ ಚೆನ್ನಮ್ಮನಕೆರೆ ಅಚ್ಚುಕಟ್ಟು. ಕೆರೆಯ ನೀರು ಹಾಯ್ದು ಬೆಳೆ ಬೆಳೆಯುವ ಬಯಲೇ ಅಚ್ಚುಕಟ್ಟು ಎಂಬುದನ್ನು ಹಳ್ಳಿಯ ಓದುಗರಿಗೆ ಹೇಳಬೇಕಾದುದಿಲ್ಲ. ಪಟ್ಟಣದಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಹೇಳಬೇಕಾಗಿದೆ. ಮಡು, ಕೆರೆ, ಅಚ್ಚುಕಟ್ಟು: ಈ ಹೆಸರುಗಳೆಲ್ಲವೂ ಬೆವರು ಸುರಿಸಿ ದುಡಿದವರು ಇಟ್ಟುಹೋದ ಹೆಸರುಗಳು. ಆ ದುಡಿಮೆ ಹೋಗಿದೆ, ಹೆಸರು ಉಳಿದಿದೆ. ಅಚ್ಚುಕಟ್ಟಿನಲ್ಲಿ ಈಗ ನಾಲ್ಕು ಅಂತಸ್ತಿನ ಮನೆಗಳು. ಅವುಗಳೊಳಗೆ ನಮ್ಮಂಥವರು, ಕುರ್ಚಿಗಳ ಮೇಲೆ.

ನಾನು ನಿವೃತ್ತನಾದುದು ೨೦೧೭ರಲ್ಲಿ. ಆ ವರ್ಷವೇ ತುಮಕೂರಿನ ಕಡೆಯಿಂದ ಮಗನ ಮನೆಗೆ, ಈ ಇಟ್ಟಮಡುವಿಗೆ, ಬಂದು ಸೇರಿದೆ. ಇಲ್ಲಿಯ ನೆಲ ಸಮತಟ್ಟಾದುದಲ್ಲ. ಅಡ್ಡರಸ್ತೆಗಳು ಒಮ್ಮೆ ಏರುತ್ತವೆ, ಒಮ್ಮೆ ಇಳಿಯುತ್ತವೆ. ಬಂದ ಮೊದಲ ವಾರದಲ್ಲಿ ಹಾಲು ತರಲು ಹೋಗಿ ಏರಿನ ನಡುವೆ ಎರಡು ಬಾರಿ ನಿಂತು ಉಸಿರೆಳೆದುಕೊಂಡೆ. ಅದನ್ನು ಕಂಡ ಮಗನು ಮರುದಿನದಿಂದ ಹಾಲು ಮನೆಯ ಬಾಗಿಲಿಗೇ ಬರುವಂತೆ ಏರ್ಪಾಡು ಮಾಡಿದನು. ಪಿತೃಭಕ್ತಿಯಿಂದಲೇ ಮಾಡಿದನು. ಅನಂತರ ತರಕಾರಿಯೂ ಬಾಗಿಲಿಗೆ ಬಂದಿತು, ಔಷಧಿಯೂ ಬಂದಿತು, ಸಂಜೆಯ ತಿಂಡಿಯೂ ಬಂದಿತು. ನನ್ನ ಪಾಲಿಗೆ ಉಳಿದ ಕಾಯಕವೆಂದರೆ ಬಾಗಿಲು ತೆರೆಯುವುದೊಂದೇ. ಬಂದಾಗ ಎಂಬತ್ತನಾಲ್ಕು ಕಿಲೋ ಇದ್ದವನು ಒಂದೂವರೆ ವರ್ಷದಲ್ಲಿ ತೊಂಬತ್ತೆರಡಾದೆ. ನನ್ನ ಎತ್ತರ ಐದು ಅಡಿ ಆರು ಅಂಗುಲ.

ತೂಕದ ಅಂಕಿಯಿಂದ ನನಗೇನೂ ನಾಚಿಕೆಯಾಗಲಿಲ್ಲ. ಉಪನ್ಯಾಸಕ್ಕೆ ಹೋದಲ್ಲಿ ಹೊಟ್ಟೆಯು ಪಾಂಡಿತ್ಯದ ಲಕ್ಷಣವೆಂದು ನಗೆಯಾಡಿದವರೂ ಇದ್ದರು, ನಾನೂ ನಕ್ಕಿದ್ದೆ. ನಗೆ ನಿಂತುದು ಒಂದು ಬೆಳಿಗ್ಗೆ. ಬಾಲ್ಯದಲ್ಲಿ ದೀಕ್ಷೆಯಾದಂದಿನಿಂದ ನೆಲದ ಮೇಲೆ ಪದ್ಮಾಸನದಲ್ಲಿ ಕುಳಿತು ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಪೂಜಿಸಿಕೊಂಡು ಬಂದವನು ನಾನು. ಅಂದು ಕಾಲು ಮಡಿಸಲಾಗಲಿಲ್ಲ. ಮೊಣಕಾಲು ಒಪ್ಪಲಿಲ್ಲ, ಹೊಟ್ಟೆ ಎಡೆಗೊಡಲಿಲ್ಲ. ಹೇಗೋ ಕುಳಿತೆ, ಏಳಲಾಗಲಿಲ್ಲ. ಮೊಮ್ಮಗನು ಓಡಿ ಬಂದು ಕೈಹಿಡಿದು ಎಬ್ಬಿಸಿದನು. ಮರುದಿನ ಪೂಜೆಯ ಕೋಣೆಗೆ ಒಂದು ಪ್ಲಾಸ್ಟಿಕ್ ಕುರ್ಚಿ ಬಂದಿತು. ಕುರ್ಚಿಯ ಮೇಲೆ ಕುಳಿತು ಪೂಜಿಸುವುದು ದೋಷವಲ್ಲ, ರೋಗಿಗಳಿಗೂ ವೃದ್ಧರಿಗೂ ಅದು ಸಲ್ಲುತ್ತದೆ ಎಂದು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಆದರೆ ನಾನು ರೋಗಿಯಾಗಿರಲಿಲ್ಲ. ನನ್ನ ಆಸನವನ್ನು ನಾನೇ ತಿಂದುಹಾಕಿದ್ದೆ.

ಆಗ ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ೨೦೧೯ರ ಆರಂಭದಲ್ಲಿ ಕಠಿಣ ವ್ರತವೊಂದನ್ನು ಹಿಡಿದೆ. ಬೆಳಿಗ್ಗೆ ಹಣ್ಣಿನ ರಸ, ಮಧ್ಯಾಹ್ನ ತರಕಾರಿಯ ಸಾರು, ರಾತ್ರಿ ಏನೂ ಇಲ್ಲ. ನಾಲ್ಕು ತಿಂಗಳಿಗೆ ತೂಕ ಎಂಬತ್ತಕ್ಕೆ ಇಳಿಯಿತು. ಕಂಡವರೆಲ್ಲ ಹೊಗಳಿದರು. ಹಳೆಯ ಅಂಗಿಗಳನ್ನು ಹಂಚಿಬಿಟ್ಟೆ. ೨೦೨೦ರ ಆರಂಭಕ್ಕೆ ತೊಂಬತ್ತಮೂರು! ಹಂಚಿದ ಅಂಗಿಗಳಿಗಾಗಿ ಈಗಲೂ ಮರುಗುತ್ತೇನೆ.

ನನ್ನ ಮನಸ್ಸು ದುರ್ಬಲವೆಂದು ಆಗ ನನ್ನನ್ನೇ ಹಳಿದುಕೊಂಡಿದ್ದೆ. ವಿಷಯ ಅಷ್ಟು ಸರಳವಾಗಿಲ್ಲವೆಂಬುದು ಅನಂತರ ತಿಳಿಯಿತು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ನಡೆದು ೨೦೧೧ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹತ್ತು ವಾರ ಅತ್ಯಲ್ಪ ಆಹಾರ ಸೇವಿಸಿ ಸರಾಸರಿ ಹದಿಮೂರೂವರೆ ಕಿಲೋ ಇಳಿದವರ ರಕ್ತವನ್ನು ಪರೀಕ್ಷಿಸಿದರು. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಸ್ರಾವ ಏರಿತ್ತು, ಸಾಕೆನ್ನುವ ಲೆಪ್ಟಿನ್ ಇಳಿದಿತ್ತು. ಒಂದು ವರ್ಷ ಕಳೆದ ಮೇಲೂ ಅವು ಮೊದಲಿನ ಸ್ಥಿತಿಗೆ ಮರಳಿರಲಿಲ್ಲ. ಅಂದರೆ ದೇಹವು ಕಳೆದುಹೋದುದನ್ನು ಬಾಕಿಯೆಂದು ಬರೆದಿಟ್ಟುಕೊಂಡು ವಸೂಲಿಗೆ ಕಾದಿರುತ್ತದೆ. ಸಾಲದುದಕ್ಕೆ, ಅರವತ್ತು ದಾಟಿದವನು ಹಸಿದು ಕರಗಿದಾಗ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ಮರಳಿ ಬರುವಾಗ ಬಹುಪಾಲು ಕೊಬ್ಬೇ ಬರುತ್ತದೆ. ಎಂಬತ್ತು ಕಿಲೋ ಇದ್ದ ಆ ದಿನಗಳಲ್ಲಿಯೂ ನೆಲದಿಂದ ಏಳಲು ನನಗೆ ಗೋಡೆಯ ಆಸರೆ ಬೇಕಾಗಿತ್ತೇಕೆಂಬುದು ಆಗ ಅರ್ಥವಾಯಿತು.

ನಮ್ಮ ಕೇರಿಯ ವೈದ್ಯರೊಬ್ಬರು ನನಗೆ ಒಂದೇ ಪ್ರಶ್ನೆ ಹಾಕಿದರು: ಈಗ ಮಾಡುತ್ತಿರುವುದನ್ನು ಎಂಬತ್ತನೆಯ ವಯಸ್ಸಿನಲ್ಲಿಯೂ ಮಾಡುತ್ತೀರಾ? ಶಾಸ್ತ್ರ ಓದಿದ ನನಗೆ ಆ ಪ್ರಶ್ನೆ ಬೇರೊಂದು ಮಾತಿನಲ್ಲಿ ಕೇಳಿಸಿತು. ವ್ರತಕ್ಕೆ ಸಂಕಲ್ಪವುಂಟು, ಅವಧಿಯುಂಟು, ಉದ್ಯಾಪನೆಯುಂಟು. ಉದ್ಯಾಪನೆಯ ದಿನ ಹೋಳಿಗೆಯೂ ಉಂಟು. ನಿತ್ಯಕರ್ಮಕ್ಕೆ ಇವಾವುವೂ ಇಲ್ಲ. ಲಿಂಗಪೂಜೆಯನ್ನು ನಾಲ್ಕು ತಿಂಗಳು ಮಾಡಿ ಮುಗಿಸಿದೆನೆಂದು ಯಾರೂ ಹೇಳುವುದಿಲ್ಲ. ನಾನು ವ್ರತ ಮಾಡಿದ್ದೆ, ಆದುದರಿಂದ ಅದು ಮುಗಿದುಹೋಗಿತ್ತು.

೨೦೨೧ರ ಯುಗಾದಿಯಿಂದ ನಿತ್ಯವನ್ನು ಆರಂಭಿಸಿದೆ. ಮೊದಲು ಮಾಡಿದ ಕೆಲಸವೆಂದರೆ ಬಾಗಿಲಿಗೆ ಬರುತ್ತಿದ್ದ ಹಾಲನ್ನು ನಿಲ್ಲಿಸಿದ್ದು. ಬೆಳಗಿನ ಐದೂವರೆಗೆ ಮನೆಯಿಂದ ಹೊರಟು ಇಳಿಜಾರಿನಲ್ಲಿ ವರ್ತುಲ ರಸ್ತೆಯವರೆಗೆ ಹೋಗುತ್ತೇನೆ. ಆ ಹೊತ್ತಿಗೆ ಅಲ್ಲಿ ವಾಹನಗಳು ವಿರಳ. ಕಾಮಾಕ್ಯದ ನಿಲ್ದಾಣದಲ್ಲಿ ಮೊದಲ ಬಸ್ಸುಗಳಿಗೆ ಕಾಯುವ ಕೂಲಿಕಾರರು, ಹೂವಿನ ಬುಟ್ಟಿಯೊಡನೆ ಕುಳಿತ ಹೆಂಗಸರು. ಕತ್ರಿಗುಪ್ಪೆಯ ಕಡೆಗೆ ಸ್ವಲ್ಪ ದೂರ ನಡೆದು, ಒಳರಸ್ತೆ ಹಿಡಿದು, ಹಾಲಿನ ಚೀಲದೊಡನೆ ಇಟ್ಟಮಡುವಿನ ಏರನ್ನು ಏರುತ್ತೇನೆ. ಮೊದಲ ತಿಂಗಳು ಆ ಏರಿನಲ್ಲಿ ನಾಲ್ಕು ನಿಲುಗಡೆ. ಒಂದು ಹೊಂಗೆಯ ಮರ, ಒಂದು ಬೀಗ ಹಾಕಿದ ಅಂಗಡಿಯ ಜಗಲಿ, ಒಂದು ಗಣಪತಿಯ ಗುಡಿ, ಒಂದು ವಿದ್ಯುತ್ ಕಂಬ. ದಸರೆಯ ಹೊತ್ತಿಗೆ ಕಂಬ ಮತ್ತು ಜಗಲಿ ಬಿಟ್ಟುಹೋದವು. ಮುಂದಿನ ಯುಗಾದಿಗೆ ಹೊಂಗೆಯ ಮರವೂ ಹೋಯಿತು. ಗುಡಿಯ ಮುಂದೆ ಈಗಲೂ ನಿಲ್ಲುತ್ತೇನೆ, ಉಸಿರಿಗಾಗಿ ಅಲ್ಲ. ಅಲ್ಲಿ ಕೂಡುವ ಹಿರಿಯರೊಡನೆ ಮಾತಿಗಾಗಿ. ಅವರಲ್ಲಿ ಈ ನೆಲದಲ್ಲಿಯೇ ರಾಗಿ ಬಿತ್ತಿದ್ದವರೊಬ್ಬರಿದ್ದಾರೆ. ಈಗ ಬಾಡಿಗೆ ಮನೆಗಳ ಒಡೆಯರು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು. ಹೊಲವಿದ್ದಾಗ ನಡೆಯುವುದನ್ನು ಯಾರೂ ನಡಿಗೆಯೆಂದು ಕರೆಯುತ್ತಿರಲಿಲ್ಲ ಎನ್ನುತ್ತಾರೆ ಅವರು.

ಇನ್ನು ಊಟದ ಮಾತು. ನಾನು ಸಿದ್ಧಗಂಗೆಯಲ್ಲಿ ಓದಿದವನು. ೧೯೭೦ರ ದಶಕದಲ್ಲಿ ಸಾವಿರಾರು ಮಕ್ಕಳೊಡನೆ ಸಾಲಿನಲ್ಲಿ ಕುಳಿತು ಮುದ್ದೆ ಉಂಡವನು. ಮಠದಲ್ಲಿ ದಪ್ಪನೆಯ ಹುಡುಗನೊಬ್ಬನನ್ನೂ ಕಂಡ ನೆನಪಿಲ್ಲ. ಅದು ರಾಗಿಯ ಮಹಿಮೆಯೆಂದು ಬಹುಕಾಲ ನಂಬಿದ್ದೆ, ನಮ್ಮ ಅನೇಕ ಬಂಧುಗಳು ಇಂದಿಗೂ ನಂಬಿದ್ದಾರೆ. ಲೆಕ್ಕ ನೋಡಿದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೨೦ ಕ್ಯಾಲೊರಿ, ಅಷ್ಟೇ ಬಿಳಿ ಅಕ್ಕಿಯಲ್ಲಿ ಸುಮಾರು ೩೫೫, ಅಂತರ ದೊಡ್ಡದಲ್ಲ. ನಾರಿನ ಅಂಶದಲ್ಲಿ ಮಾತ್ರ ರಾಗಿಯು ಅಕ್ಕಿಗಿಂತ ಮೂರು ನಾಲ್ಕು ಪಟ್ಟು ಮುಂದಿದೆ, ಆದುದರಿಂದ ಹೊಟ್ಟೆ ಬೇಗ ತುಂಬಿದಂತಾಗುತ್ತದೆ, ಹಸಿವು ತಡವಾಗಿ ಬರುತ್ತದೆ. ಆದರೆ ಎರಡು ಮುದ್ದೆಯ ಮೇಲೆ ಅನ್ನ, ಅನ್ನದ ಮೇಲೆ ಹಪ್ಪಳವೆಂದರೆ ರಾಗಿಯೇನು ಮಾಡೀತು? ಮಠದ ಹುಡುಗರು ತೆಳ್ಳಗಿದ್ದುದು ಮುದ್ದೆಯಿಂದಲ್ಲ. ನೀರು ಹೊತ್ತು, ಅಂಗಳ ಗುಡಿಸಿ, ಬೆಟ್ಟ ಹತ್ತಿ ಇಳಿದು, ಎರಡು ಊಟಗಳ ನಡುವೆ ಬಾಯಿಗೆ ಹಾಕಲು ಏನೂ ಸಿಕ್ಕದೆ ಇದ್ದುದರಿಂದ. ಆ ಮಕ್ಕಳ ದಾಸೋಹವನ್ನು ದಶಕಗಳ ಕಾಲ ನಡೆಸಿದ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳವರು ೧೯೦೭ರಲ್ಲಿ ಜನಿಸಿ ೨೦೧೯ರಲ್ಲಿ, ನೂರ ಹನ್ನೊಂದನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅವರ ಮಿತಾಹಾರ ನಾಡಿಗೆಲ್ಲ ತಿಳಿದುದೇ. ಅವರು ಲಿಂಗೈಕ್ಯರಾದ ತಿಂಗಳೇ ನಾನು ಹಣ್ಣಿನ ರಸದ ವ್ರತ ಹಿಡಿದಿದ್ದೆ ಎಂಬುದನ್ನು ನೆನೆದರೆ ಈಗ ಸಂಕೋಚವಾಗುತ್ತದೆ.

ನಮ್ಮ ಮನೆತನಗಳಲ್ಲಿ ಒಂದು ವಿಶೇಷ ಕಷ್ಟವಿದೆ. ಎಡೆಯಲ್ಲಿ ಬಡಿಸಿದುದು ಪ್ರಸಾದ, ಅದನ್ನು ಬಿಡಬಾರದು. ಈ ನಿಯಮವನ್ನು ನಾನು ಮುರಿಯಲೊಲ್ಲೆ, ಯಾರಿಗೂ ಮುರಿಯಿರೆಂದು ಹೇಳಲೊಲ್ಲೆ. ಆದರೆ ಬಿಡಬಾರದೆಂಬ ನಿಯಮವಿದೆಯೇ ಹೊರತು ಬಡಿಸಿಕೊಳ್ಳಲೇಬೇಕೆಂಬ ನಿಯಮವಿಲ್ಲ. ಪ್ರಸಾದ ವ್ಯರ್ಥವಾಗಬಾರದೆಂಬ ಎಚ್ಚರವಿದ್ದವನು ಬಡಿಸುವವನ ಸೌಟು ಎಡೆಯ ಮೇಲೆ ಬರುವ ಮೊದಲೇ ಕೈ ಅಡ್ಡ ಹಿಡಿಯಬೇಕು. ನಾನು ಅರ್ಧ ಮುದ್ದೆ, ಒಂದು ಸೌಟು ಅನ್ನ, ಉಳಿದ ಎಡೆಯ ತುಂಬ ಸೊಪ್ಪು, ಕಾಳು, ಕೋಸಂಬರಿ, ಒಂದು ಲೋಟ ಮಜ್ಜಿಗೆ ಎಂದು ಗೊತ್ತುಪಡಿಸಿಕೊಂಡೆ. ಕಾಳು ಹೆಚ್ಚಿಸಿದ್ದು ಮಾಂಸಖಂಡದ ರಕ್ಷಣೆಗಾಗಿ. ಹೋಳಿಗೆಯನ್ನು ಬಿಟ್ಟಿಲ್ಲ, ಹಬ್ಬದ ದಿನ ಒಂದು. ಅತಿಥಿಯನ್ನು ಒತ್ತಾಯಿಸಿ ಎರಡನೆಯದನ್ನು ಬಡಿಸುವುದು ಔದಾರ್ಯವೆಂಬ ಭಾವನೆ ನಮ್ಮಲ್ಲಿದೆಯಲ್ಲ, ಅದು ಬರಗಾಲ ಕಂಡವರ ಔದಾರ್ಯ. ಸಕ್ಕರೆ ಕಾಯಿಲೆಯ ಮಾತ್ರೆ ಜೇಬಿನಲ್ಲಿಟ್ಟುಕೊಂಡು ಬಂದ ನೆಂಟನಿಗೆ ಅದನ್ನು ತೋರಿಸುವುದು ನನಗೆ ಸರಿಕಾಣುವುದಿಲ್ಲ. (ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಒಮ್ಮೆಲೇ ಊಟ ಇಳಿಸಬಾರದೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ರಕ್ತದ ಸಕ್ಕರೆ ಕುಸಿದು ಅಪಾಯವಾದೀತು.)

ಹದಿನಾಲ್ಕು ತಿಂಗಳಲ್ಲಿ ಹನ್ನೊಂದು ಕಿಲೋ ಇಳಿಯಿತು. ಮೂರು ವರ್ಷ ದಾಟಿದರೂ ಎಂಬತ್ತೊಂದಕ್ಕೂ ಎಂಬತ್ತಮೂರಕ್ಕೂ ನಡುವೆ ನಿಂತಿದೆ. ಭಾರತೀಯರಿಗೆ ಗೊತ್ತುಪಡಿಸಿದ ಲೆಕ್ಕದಲ್ಲಿ ನಾನಿನ್ನೂ ಸ್ಥೂಲನೇ; ಗಂಡಸಿನ ಸೊಂಟದ ಸುತ್ತಳತೆ ೯೦ ಸೆಂಟಿಮೀಟರ್, ಹೆಂಗಸಿನದು ೮೦ ಮೀರಬಾರದೆನ್ನುತ್ತಾರೆ, ನನ್ನದು ಮೀರಿದೆ. ಆದರೂ ಇಷ್ಟು ಇಳಿಕೆಗೇ ಫಲವಿದೆ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರ ಬಗ್ಗೆ ಅಮೆರಿಕದಲ್ಲಿ ನಡೆದು ೨೦೦೨ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ದೇಹತೂಕದ ನೂರಕ್ಕೆ ಏಳರಷ್ಟು ಇಳಿಕೆ ಮತ್ತು ವಾರಕ್ಕೆ ೧೫೦ ನಿಮಿಷದ ನಡಿಗೆಯ ಗುರಿ ಹಿಡಿದವರಲ್ಲಿ ಕಾಯಿಲೆ ತಗಲುವುದು ನೂರಕ್ಕೆ ೫೮ರಷ್ಟು ಕಡಿಮೆಯಾಗಿತ್ತು. ಆ ದೇಶದಲ್ಲಿಯೇ ೧೯೯೪ರಿಂದ, ತೂಕ ಇಳಿಸಿ ಉಳಿಸಿಕೊಂಡವರ ಪಟ್ಟಿಯೊಂದನ್ನು ವಿದ್ವಾಂಸರು ಇಟ್ಟಿದ್ದಾರೆ. ಇಳಿಸಿದ ಬಗೆ ನೂರಾರು. ಉಳಿಸಿಕೊಂಡ ಬಗೆ ಹೆಚ್ಚುಕಡಿಮೆ ಒಂದೇ. ಅವರಲ್ಲಿ ಹೆಚ್ಚಿನವರು ದಿನಕ್ಕೆ ಸುಮಾರು ಒಂದು ಗಂಟೆ ದೇಹ ದುಡಿಸುತ್ತಾರೆ, ಬೆಳಗಿನ ಉಪಾಹಾರ ತಪ್ಪಿಸುವುದಿಲ್ಲ, ದೂರದರ್ಶನದ ಮುಂದೆ ಹೆಚ್ಚು ಕೂರುವುದಿಲ್ಲ, ವಾರಕ್ಕೊಮ್ಮೆಯಾದರೂ ತಕ್ಕಡಿ ಏರುತ್ತಾರೆ. ನಾನು ಸೋಮವಾರ ಏರುತ್ತೇನೆ. ಒಂದು ಕಿಲೋ ಏರಿದ ವಾರವೇ ಕಾರಣ ಹುಡುಕುತ್ತೇನೆ. ಹತ್ತು ಕಿಲೋ ಏರಿದ ಮೇಲೆ ಹುಡುಕುವುದಕ್ಕಿಂತ ಅದು ಸುಲಭ.

ಮರೆಯಬಾರದ ಮಾತೊಂದಿದೆ. ನಾನು ಏರು ಹತ್ತಿಳಿಯುವ ಹೊತ್ತಿನಲ್ಲಿ ಮನೆಯ ಹೆಂಗಸರು ಒಲೆಯ ಮುಂದಿರುತ್ತಾರೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಹತ್ತು ಮಂದಿ ಹೆಂಗಸರಲ್ಲಿ ಸುಮಾರು ಮೂವರು ಅಧಿಕ ತೂಕದವರು. ಅವರಿಗೆ ನಡೆಯಿರಿ ಎಂದು ಉಪದೇಶಿಸುವವರು ಬಹಳ, ಅವರ ಒಂದು ಗಂಟೆಯ ಕೆಲಸವನ್ನು ವಹಿಸಿಕೊಳ್ಳುವವರು ಕಡಿಮೆ. ನನ್ನ ತೂಕ ಇಳಿದ ಮೊದಲ ವರ್ಷ ನನ್ನ ಪತ್ನಿಯ ತೂಕ ಏರಿತ್ತು. ನಾನು ಬೇಡವೆಂದು ಪಾತ್ರೆಯಲ್ಲಿಯೇ ಉಳಿಸಿದ ಅನ್ನ ಕೊನೆಗೆ ಊಟಕ್ಕೆ ಕೂರುವ ಆಕೆಯ ಎಡೆಗೆ ಹೋಗುತ್ತಿತ್ತೆಂಬುದು ನನಗೆ ಹೊಳೆದದ್ದು ತಡವಾಗಿ. ಈಗ ಅಕ್ಕಿಯ ಅಳತೆಯನ್ನೇ ತಗ್ಗಿಸಿದ್ದೇವೆ, ಎಲ್ಲರೂ ಒಟ್ಟಿಗೆ ಕೂರುತ್ತೇವೆ. ಸಂಜೆ ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು ನನ್ನ ಪಾಲಿನದು. ಆ ಹೊತ್ತಿನಲ್ಲಿ ಆಕೆ ಸೊಸೆಯೊಡನೆ ಹೊಸಕೆರೆಹಳ್ಳಿಯ ದಿಕ್ಕಿಗೆ ನಡೆದು ಬರುತ್ತಾಳೆ. ಆಕೆಯದೂ ನಿಧಾನವಾಗಿ ನಾಲ್ಕು ಕಿಲೋ ಇಳಿದಿದೆ.

ಈಚೆಗೆ ತೂಕ ಇಳಿಸುವ ಚುಚ್ಚುಮದ್ದುಗಳ ಬಗ್ಗೆ ಕೇಳುವವರು ಹೆಚ್ಚಾಗಿದ್ದಾರೆ. ೨೦೨೫ರಲ್ಲಿ ಅವು ನಮ್ಮ ದೇಶದಲ್ಲಿಯೂ ಇದಕ್ಕಾಗಿ ಮಾರಾಟಕ್ಕೆ ಬಂದವು. ಅವುಗಳಿಂದ ಇಳಿಯುವುದು ನಿಜ, ಅಗತ್ಯವಿರುವವರಿಗೆ ವೈದ್ಯರು ಕೊಡಲಿ. ಆದರೆ ಅಂಥ ಒಂದು ಮದ್ದನ್ನು ನಿಲ್ಲಿಸಿದವರಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಒಂದೇ ವರ್ಷದಲ್ಲಿ ಮರಳಿತೆಂದು ೨೦೨೨ರಲ್ಲಿ ಪ್ರಕಟವಾಗಿದೆ. ಮದ್ದಿಗೂ ಉದ್ಯಾಪನೆಯಿಲ್ಲವೆಂದಾಯಿತು.

ಪೂಜೆಯ ಕೋಣೆಯ ಕುರ್ಚಿಯನ್ನು ಕಳೆದ ವರ್ಷ ಮಹಡಿಗೆ ಸಾಗಿಸಿದೆವು. ಪದ್ಮಾಸನ ಇನ್ನೂ ಪೂರ್ಣವಾಗಿ ಒಪ್ಪುವುದಿಲ್ಲ. ಎಡಗಾಲು ಬರುತ್ತದೆ, ಬಲಗಾಲು ಮುನಿಯುತ್ತದೆ. ಸುಖಾಸನದಲ್ಲಿ ಕುಳಿತು ಪೂಜೆ ಮುಗಿಸಿ ನಾನೇ ಏಳುತ್ತೇನೆ. ಮೊಮ್ಮಗನು ಅಭ್ಯಾಸಬಲದಿಂದ ಬಾಗಿಲಲ್ಲಿ ಬಂದು ನಿಂತಿರುತ್ತಾನೆ. ಮುಂದಿನ ತಿಂಗಳು ದಾವಣಗೆರೆಯಲ್ಲಿ ಬೀಗರ ಮನೆಯ ಮದುವೆ. ಮೂರು ದಿನದ ಸಂಭ್ರಮ, ಬೆಣ್ಣೆದೋಸೆಯ ಊರು. ಅಲ್ಲಿಂದ ಬಂದ ಸೋಮವಾರ ತಕ್ಕಡಿ ಏನು ಹೇಳುವುದೋ ನೋಡಬೇಕು.